ಭರ್ಜಿಯೊಳಗಿನ ಶಾವಿಗೆ

2001ರಲ್ಲಿ ‘ಎ ನೈಟ್ಸ್ ಟೇಲ್’ ಎಂಬ ಹಾಲಿವುಡ್ ಸಿನಿಮಾ ಬಂದಿತ್ತು. ಹೀತ್ ಲೆಡ್ಜರ್ ಅದರಲ್ಲಿ ಮನೆಗಳಿಗೆ ಹುಲ್ಲು ಹೊದಿಸುವವನ ಮಗ. ಸತ್ತ ಒಡೆಯನ ಕವಚ ತೊಟ್ಟು, ತಾನು ದೊಡ್ಡ ಮನೆತನದ ನೈಟ್ ಎಂದು ಸುಳ್ಳು ಹೇಳಿಕೊಂಡು, ಕುದುರೆ ಏರಿ, ಉದ್ದನೆಯ ಭರ್ಜಿಯನ್ನು ಕಂಕುಳಲ್ಲಿ ಅವುಚಿ ಎದುರಾಳಿಯ ಮೇಲೆ ನುಗ್ಗುತ್ತಾನೆ. ಭರ್ಜಿ ಎದೆಗೆ ತಾಗಿತೋ, ಪರದೆಯ ತುಂಬ ಮರದ ಸಿಬಿರು! ಆ ಸಿಬಿರಿನ ಗುಟ್ಟು ಆಮೇಲೆ ಹೊರಬಿತ್ತು. ಭರ್ಜಿಯ ತುದಿಯನ್ನು ಪೊಳ್ಳು ಮಾಡಿ ಒಳಗೆ ಬಾಲ್ಸಾ ಮರದ ಚಕ್ಕೆಯನ್ನೂ ಬೇಯಿಸದ ಲಿಂಗ್ವಿನಿಯನ್ನೂ ತುಂಬಿದ್ದರಂತೆ. ಲಿಂಗ್ವಿನಿ ಎಂದರೆ ಇಟಲಿಯವರ ಪಾಸ್ತಾದಲ್ಲಿ ಒಂದು ಬಗೆ, ನಮ್ಮ ಒಣ ಶಾವಿಗೆಯ ದಾಯಾದಿ. ಮಧ್ಯಯುಗದ ಶೌರ್ಯವೆಲ್ಲ ಅಡುಗೆಮನೆಯ ಡಬ್ಬಿಯಿಂದ ಬಂತಲ್ಲ ಎಂದು ನನಗೆ ಎಷ್ಟೋ ದಿನ ನಗು.

ಚರಿತ್ರೆಯ ಪಂಡಿತರಿಗೆ ಮಾತ್ರ ನಗು ಬರಲಿಲ್ಲ. ಅವರ ಸಿಟ್ಟು ಶಾವಿಗೆಯ ಮೇಲಲ್ಲ, ಹಾಡಿನ ಮೇಲೆ. ಹದಿನಾಲ್ಕನೇ ಶತಮಾನದ ಜನ ಕಟಾಂಜನಕ್ಕೆ ಕೈ ಬಡಿಯುತ್ತ ಕ್ವೀನ್ ತಂಡದ ‘ವಿ ವಿಲ್ ರಾಕ್ ಯು’ಗೆ ತಾಳ ಹಾಕುವುದೆಂದರೇನು, ಇದೇನು ಇತಿಹಾಸವೋ ಇಂದ್ರಜಾಲವೋ ಎಂದು ಕೂಗಾಡಿದರು. ಆದರೆ ಆ ಸಿನಿಮಾದ ನಾಯಕ ಕದ್ದು ಇಟ್ಟುಕೊಳ್ಳುವ ಹೆಸರು ಉಲ್ರಿಚ್ ಫಾನ್ ಲಿಖ್ಟೆನ್‌ಸ್ಟೈನ್. ಈ ಹೆಸರಿನವನು ನಿಜವಾಗಿ ಇದ್ದ. ಹದಿಮೂರನೇ ಶತಮಾನದ ಆಸ್ಟ್ರಿಯಾದ ಕಡೆಯವನು, ನೈಟೂ ಹೌದು, ಕವಿಯೂ ಹೌದು. 1227ರಲ್ಲಿ ಇವನು ಪ್ರೇಮದೇವತೆ ವೀನಸ್ಸಿನ ವೇಷ ಹಾಕಿ, ಹೆಣ್ಣುಡುಗೆ ಉಟ್ಟು, ಎರಡು ಜಡೆ ಇಳಿಬಿಟ್ಟು, ವೆನಿಸ್ ಹತ್ತಿರದಿಂದ ಬೊಹೀಮಿಯಾದ ಗಡಿಯವರೆಗೆ ದಾರಿಯುದ್ದಕ್ಕೂ ಸಿಕ್ಕ ಸಿಕ್ಕ ನೈಟ್‌ಗಳನ್ನು ಭರ್ಜಿಯಾಟಕ್ಕೆ ಕರೆದನಂತೆ. ತಾನು ಮುರಿದ ಭರ್ಜಿಗಳು 307 ಎಂದು ತನ್ನ ಕಾವ್ಯದಲ್ಲಿ ತಾನೇ ಲೆಕ್ಕ ಕೊಟ್ಟಿದ್ದಾನೆ. ತನ್ನ ಮೇಲೆ ಭರ್ಜಿ ಮುರಿದವರಿಗೆಲ್ಲ ಒಂದೊಂದು ಚಿನ್ನದ ಉಂಗುರ ಇನಾಮು. ಅದರಲ್ಲಿ ಎಷ್ಟು ನಿಜ, ಎಷ್ಟು ಕವಿಯ ಉಪ್ಪುಖಾರ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಇದೆ. ಅದೇನೇ ಇರಲಿ, ಸಿನಿಮಾದವರು ಈ ಉಲ್ರಿಚ್ಚನನ್ನು ಇದ್ದಂತೆಯೇ ತೋರಿಸಿದ್ದರೆ ‘ಇದು ಅತಿಯಾಯಿತು’ ಎಂದು ಮೊದಲು ಎದ್ದುಹೋಗುತ್ತಿದ್ದವರು ಈ ಪಂಡಿತರೇ.

ಈ ಆಟದ ಹೆಸರು ಜೌಸ್ಟಿಂಗ್. ಇವತ್ತಿಗೂ ಇದನ್ನು ಪಂದ್ಯವಾಗಿ ಆಡುವವರು ಇಂಗ್ಲೆಂಡ್, ಬೆಲ್ಜಿಯಂ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದ್ದಾರೆ. ‘ಇಂಟರ್‌ನ್ಯಾಷನಲ್ ಜೌಸ್ಟಿಂಗ್ ಲೀಗ್’ ಎಂಬ ಕೂಟ ಇದೆ, ಅಂಕಪಟ್ಟಿ ಇದೆ, ಸ್ಥಾನಮಾನ ಇದೆ. ಅಂಗಳದ ಉದ್ದಕ್ಕೆ ಎದೆಮಟ್ಟದ ಒಂದು ಬೇಲಿ. ಅದರ ಆಚೆಗೊಬ್ಬ, ಈಚೆಗೊಬ್ಬ. ಇಬ್ಬರೂ ಬೇಲಿಯನ್ನು ಎಡಕ್ಕೆ ಇಟ್ಟುಕೊಂಡು ಎದುರುಬದುರು ಕುದುರೆ ಬಿಡುತ್ತಾರೆ. ಭರ್ಜಿ ಬಲಗೈಯಲ್ಲಿ, ಅದರ ಮೊನೆ ಮಾತ್ರ ಕುದುರೆಯ ಕತ್ತಿನ ಮೇಲಿಂದ ಹಾದು ಎಡಕ್ಕೆ. ಗುರಿ ಎದುರಾಳಿಯ ಎಡ ಎದೆ, ಭುಜದ ಮೇಲಿನ ಗುರಾಣಿ. ಕೆಲವು ಸೆಕೆಂಡು, ಒಂದು ಸದ್ದು, ಮುಗಿಯಿತು. ತಾಗಿದರೆ ಇಷ್ಟು ಅಂಕ, ಮುರಿದರೆ ಇಷ್ಟು. ಕೆಳಗೆ ಬೀಳಿಸಿದರೆ ಕೆಲವು ಕೂಟಗಳಲ್ಲಿ ಹೆಚ್ಚಿನ ಅಂಕ, ಕೆಲವು ಕಡೆ ಏನೂ ಇಲ್ಲ.

ಲೀಡ್ಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಸೋದರಳಿಯ ಇದನ್ನು ಕಣ್ಣಾರೆ ನೋಡಿದವನು. ಅಲ್ಲಿನ ರಾಯಲ್ ಆರ್ಮರೀಸ್ ಎಂಬ ಆಯುಧಗಳ ಮ್ಯೂಸಿಯಂ ಪಕ್ಕದಲ್ಲೇ ಇದಕ್ಕೆಂದು ಅಂಗಳ ಮಾಡಿಟ್ಟಿದ್ದಾರೆ, ಈಸ್ಟರ್ ರಜೆಯಲ್ಲಿ ಪಂದ್ಯ. ಹೇಗಿತ್ತಪ್ಪಾ ಎಂದು ಫೋನಿನಲ್ಲಿ ಕೇಳಿದೆ.

“ಎಲ್ಲಾ ನಾಟಕ ಮಾವಾ. ಭರ್ಜಿ ತುದಿ ಬರೀ ಬೆಂಡು. ಮುರೀಲಿ ಅಂತಲೇ ಮಾಡಿಟ್ಟಿರ್ತಾರೆ.”

“ಕುದುರೆ?”

“ಕುದುರೆ ನಿಜವಾದ್ದೇ.”

“ಬಿದ್ದರೆ ಏಟು?”

“ಅದೂ ನಿಜವಾದ್ದೇ ಅನ್ನಿ.”

“ಮತ್ತೆ ನಾಟಕ ಯಾವುದೋ?” ಎಂದೆ. ಅವನು ಹವಾಮಾನದ ಮಾತಿಗೆ ಹೊರಳಿದ. ಇಂಗ್ಲೆಂಡಿನಲ್ಲಿ ಇರುವವರಿಗೆ ಅದೊಂದು ಅನುಕೂಲ.

ಬೆಂಡಿನ ವಿಚಾರ ಅವನು ಹೇಳಿದ್ದು ಸರಿ. ಈಗಿನ ಪಂದ್ಯಗಳಲ್ಲಿ ಹೆಚ್ಚಾಗಿ ಭರ್ಜಿಯ ಹಿಂಭಾಗ ಗಟ್ಟಿ ಮರ, ಮುಂದಿನ ತುದಿ ಬಾಲ್ಸಾ. ಒಂದು ತುದಿ ಮುರಿದರೆ ಇನ್ನೊಂದನ್ನು ಸಿಕ್ಕಿಸಿದರಾಯಿತು. ಜಗಳ ಶುರುವಾಗುವುದೇ ಇಲ್ಲಿ. ಬೆಂಡಿನ ಭರ್ಜಿಯವರನ್ನು ಕಂಡರೆ ಗಟ್ಟಿ ಭರ್ಜಿಯವರಿಗೆ ತಾತ್ಸಾರ. ಗಟ್ಟಿ ಭರ್ಜಿಯವರನ್ನು ಕಂಡರೆ ಮ್ಯೂಸಿಯಂ ಪಂಡಿತರಿಗೆ ತಾತ್ಸಾರ. ಊಟದ ಜೊತೆ ಆಟ ತೋರಿಸುವವರನ್ನು ಕಂಡರೆ ಈ ಎಲ್ಲರಿಗೂ ತಾತ್ಸಾರ.

ಊಟದವರಿಂದಲೇ ಶುರುಮಾಡೋಣ, ಹೇಗೂ ಊಟ ಮೊದಲು. ಅಮೆರಿಕದಲ್ಲಿ ‘ಮೆಡೀವಲ್ ಟೈಮ್ಸ್’ ಎಂಬ ಕಂಪನಿ ಇದೆ. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಹುಟ್ಟಿದ ಉಪಾಯ, 1983ರಲ್ಲಿ ಫ್ಲಾರಿಡಾದ ಕಿಸಿಮ್ಮಿಗೆ ಬಂತು. ಕೋಟೆಯಂಥ ಕಟ್ಟಡ, ಸುತ್ತ ಕುರ್ಚಿ, ನಡುವೆ ಕುದುರೆಗಳ ಅಂಗಳ. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದೆಲ್ಲ ಮೊದಲೇ ಗೊತ್ತು. ನೋಡುವವರಿಗೆ ಊಟ. ಚಮಚ, ಫೋರ್ಕು ಕೊಡುವುದಿಲ್ಲ, ಮಧ್ಯಯುಗದ ಹಾಗೆ ಕೈಯಲ್ಲೇ ತಿನ್ನಬೇಕು. ನಾವು ದಿನಾ ಬಿಟ್ಟಿ ಮಾಡುವ ಕೆಲಸಕ್ಕೆ ಅಲ್ಲಿ ಡಾಲರು ತೆತ್ತು ಸಂಭ್ರಮಿಸುತ್ತಾರೆ. ಬಡಿಸುವುದೇನು? ಕೋಳಿ, ಮೆಕ್ಕೆಜೋಳದ ತೆನೆ, ಆಲೂಗೆಡ್ಡೆ, ಟೊಮೇಟೊ ಸೂಪು. ಕೋಳಿಯೊಂದನ್ನು ಬಿಟ್ಟು ಉಳಿದ ಮೂರೂ ಅಮೆರಿಕ ಖಂಡದ ಬೆಳೆಗಳು. ಕೊಲಂಬಸ್ ಹಡಗು ಹತ್ತುವ ಮೊದಲು ಯೂರೋಪಿನ ಯಾವ ದೊರೆಯೂ ಟೊಮೇಟೊ ಮುಖ ನೋಡಿರಲಿಲ್ಲ.

ಹಾಗೆಂದು ನಾನು ಊಟದವರನ್ನು ಹಳಿಯುವುದಿಲ್ಲ. ಯಕ್ಷಗಾನದ ಕರ್ಣ ರಂಗದ ಮೇಲೆ ಸತ್ತು, ಚೌಕಿಗೆ ಹೋಗಿ ಚಹಾ ಕುಡಿದರೆ ಮೋಸವಾಯಿತು ಎಂದು ಯಾರಾದರೂ ಟಿಕೆಟ್ ದುಡ್ಡು ವಾಪಸ್ ಕೇಳುತ್ತಾರೆಯೇ? ಕುಣಿತ ಚೆನ್ನಾಗಿತ್ತೇ, ಅರ್ಥಗಾರಿಕೆ ಸರಿಯಿತ್ತೇ ಎಂದಷ್ಟೇ ಕೇಳುತ್ತಾರೆ. ಇಲ್ಲಿಯೂ ಕೆಲಸ ಸುಲಭದ್ದಲ್ಲ. ಓಡುವ ಕುದುರೆಯಿಂದ ದಿನಕ್ಕೆರಡು ಸಲ ಬೀಳುವುದು ಪಾತ್ರವೇ ಆದರೂ ಸೊಂಟ ನಮ್ಮದೇ ತಾನೆ. 2022ರಲ್ಲಿ ಇದೇ ಕಂಪನಿಯ ನ್ಯೂಜೆರ್ಸಿ ಕೋಟೆಯ ನೈಟ್‌ಗಳು, ರಾಣಿಯರು, ಕುದುರೆ ನೋಡಿಕೊಳ್ಳುವವರು ಎಲ್ಲ ಸೇರಿ ಮತ ಹಾಕಿ ಕಾರ್ಮಿಕ ಸಂಘ ಕಟ್ಟಿಕೊಂಡರು. ಮಧ್ಯಯುಗದಲ್ಲಿ ಹೀಗೆ ಮಾಡಿದ್ದರೆ ತಲೆ ಉಳಿಯುತ್ತಿರಲಿಲ್ಲ.

ಗಟ್ಟಿ ಭರ್ಜಿಯವರ ದಾರಿಯೇ ಬೇರೆ. ಇವರಲ್ಲಿ ಹೆಚ್ಚು ಹೆಸರಾದವನು ಕೆನಡಾದ ಶೇನ್ ಆಡಮ್ಸ್. 2012ರಲ್ಲಿ ಹಿಸ್ಟರಿ ಚಾನೆಲ್ಲಿನಲ್ಲಿ ‘ಫುಲ್ ಮೆಟಲ್ ಜೌಸ್ಟಿಂಗ್’ ಎಂಬ ಕಾರ್ಯಕ್ರಮ ಬಂತು. ಹದಿನಾರು ಸ್ಪರ್ಧಿಗಳು, ಗೆದ್ದವನಿಗೆ ಒಂದು ಲಕ್ಷ ಡಾಲರ್, ಮುಂದೆ ನಿಂತು ನಡೆಸಿದವನು ಆಡಮ್ಸ್. ಭರ್ಜಿಗೆ ಮುರಿಯುವ ತುದಿಯಿಲ್ಲ, ಉದ್ದಕ್ಕೂ ಗಟ್ಟಿ ಮರ. ಕುದುರೆಗಳೂ ಭಾರೀ ಗಾತ್ರದವು. ಬಿದ್ದವರು ಬಿದ್ದರು, ಮೂಳೆ ಮುರಿದವರಿಗೆ ಮುರಿಯಿತು, ಕ್ಯಾಮೆರಾ ಅದನ್ನೇ ಹತ್ತಿರದಿಂದ ತೋರಿಸಿತು. ಈ ಪಂಗಡದವರ ವಾದ ನೇರ: ಬೆಂಡು ಮುರಿದರೆ ಅದ್ಯಾವ ಶೌರ್ಯ? ಏಟು ಅಸಲಿಯಾದರೆ ಆಟ ಅಸಲಿ. ಹಿಂದಿನವರು ನೋವಿಗೆ ಹೆದರುತ್ತಿದ್ದರೇ?

ಹೆದರುತ್ತಿದ್ದರು, ಸ್ವಾಮಿ. ಚೆನ್ನಾಗಿಯೇ ಹೆದರುತ್ತಿದ್ದರು. ಪೋರ್ಚುಗಲ್ಲಿನ ದೊರೆ ದುವಾರ್ತೆ ಹದಿನೈದನೇ ಶತಮಾನದಲ್ಲಿ ಕುದುರೆ ಸವಾರಿಯ ಮೇಲೊಂದು ಪುಸ್ತಕ ಬರೆದ. ಅದರಲ್ಲಿ ಜೌಸ್ಟಿಂಗ್ ಬಗ್ಗೆಯೂ ಪಾಠವಿದೆ, ಭಯದ ಬಗ್ಗೆಯೂ ಇದೆ. ಏಟು ಬೀಳುವ ಹೊತ್ತಿಗೆ ತಮಗೆ ಅರಿವಿಲ್ಲದೆ ಕಣ್ಣು ಮುಚ್ಚಿಕೊಳ್ಳುವವರನ್ನು, ಕೊನೇ ಗಳಿಗೆಯಲ್ಲಿ ಮೈ ತಿರುಗಿಸಿಬಿಡುವವರನ್ನು ಅವನು ಬಿಡಿಸಿ ಬಿಡಿಸಿ ವಿವರಿಸುತ್ತಾನೆ. ಇಷ್ಟು ಪ್ರಾಮಾಣಿಕವಾಗಿ ಅಂಜಿಕೆಯ ಬಗ್ಗೆ ಬರೆದ ದೊರೆ ನನಗೆ ಬೇರೆ ಗೊತ್ತಿಲ್ಲ.

ಮೊದಮೊದಲು ಈ ಆಟ ನಿಜಕ್ಕೂ ಒರಟು, ಆದರೆ ಆಗ ಅದು ಜೌಸ್ಟಿಂಗ್ ಆಗಿರಲಿಲ್ಲ. ಹನ್ನೆರಡನೇ ಶತಮಾನದ ಟೂರ್ನಮೆಂಟ್ ಎಂದರೆ ಎರಡು ದಂಡು, ನೂರಾರು ಸವಾರರು, ಊರಿಂದೂರಿಗೆ ಹೊಲಗದ್ದೆಗಳ ಮೇಲೆಲ್ಲ ಕಾಳಗ. ಸೆರೆ ಸಿಕ್ಕವನು ಹಣ ಕೊಟ್ಟು ಬಿಡಿಸಿಕೊಳ್ಳಬೇಕು, ಅವನ ಕುದುರೆಯೂ ಹೋಯಿತು. ವಿಲಿಯಂ ಮಾರ್ಷಲ್ ಎಂಬ ಇಂಗ್ಲಿಷ್ ನೈಟ್ ಹೀಗೆ ಐನೂರು ನೈಟ್‌ಗಳನ್ನು ಹಿಡಿದಿದ್ದೆನೆಂದು 1219ರಲ್ಲಿ ಸಾಯುವ ಮುನ್ನ ಹೇಳಿಕೊಂಡನಂತೆ. ಒಂದು ಟೂರ್ನಮೆಂಟಿನ ಕೊನೆಗೆ ಇವನಿಗೆ ಬಹುಮಾನ ಎಂದು ನಿರ್ಧಾರವಾಯಿತು. ಬಹುಮಾನ ಒಂದು ಮೀನು. ಅದನ್ನು ಹಿಡಿದುಕೊಂಡು ಊರೆಲ್ಲ ಹುಡುಕಿದರೆ ಮನುಷ್ಯ ಕಮ್ಮಾರನ ಸಾಲೆಯಲ್ಲಿ ಸಿಕ್ಕಿದ: ತಲೆಯನ್ನು ಅಡಿಗಲ್ಲಿನ ಮೇಲೆ ಇಟ್ಟುಕೊಂಡಿದ್ದಾನೆ, ನಜ್ಜುಗುಜ್ಜಾಗಿ ಸಿಕ್ಕಿಕೊಂಡ ಶಿರಸ್ತ್ರಾಣವನ್ನು ಕಮ್ಮಾರ ಸುತ್ತಿಗೆಯಿಂದ ಬಡಿದು ಬಡಿದು ತೆಗೆಯುತ್ತಿದ್ದಾನೆ! ಚರ್ಚು ಇದನ್ನೆಲ್ಲ ನೋಡಿ 1130ರಲ್ಲಿ ಕ್ಲೆರ್ಮೋನ್ ಸಭೆಯಲ್ಲಿ ಟೂರ್ನಮೆಂಟನ್ನು ನಿಷೇಧಿಸಿತು, ಅದರಲ್ಲಿ ಸತ್ತವರಿಗೆ ಚರ್ಚಿನ ಮಣ್ಣಿಲ್ಲ ಎಂದಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1316ರಲ್ಲಿ ಪೋಪ್ ಇಪ್ಪತ್ತೆರಡನೇ ಜಾನ್ ನಿಷೇಧವನ್ನೇ ತೆಗೆದುಹಾಕಿದ.

ಒಬ್ಬರಿಗೆದುರು ಒಬ್ಬರು ಎಂಬ ಜೌಸ್ಟಿಂಗ್ ಬೆಳೆದದ್ದು ಈ ಒರಟುತನವನ್ನು ಪಳಗಿಸುತ್ತ. ಭರ್ಜಿಯ ಚೂಪು ಮೊನೆ ಹೋಗಿ ಪುಟ್ಟ ಕಿರೀಟದಂತೆ ಮೂರುನಾಲ್ಕು ಹಲ್ಲಿನ ಮೊಂಡು ತುದಿ ಬಂತು, ಹಿಡಿಯುತ್ತದೆ, ತೂರುವುದಿಲ್ಲ. ಹದಿನೈದನೇ ಶತಮಾನದಲ್ಲಿ ನಡುವೆ ಬೇಲಿ ಬಂತು, ಮೊದಲು ಬಟ್ಟೆಯದು, ಆಮೇಲೆ ಮರದ್ದು. ಕುದುರೆಗೆ ಕುದುರೆ ಡಿಕ್ಕಿ ಹೊಡೆಯುವುದು ನಿಂತಿತು. ಕಪ್ಪೆಬಾಯಿಯ ಶಿರಸ್ತ್ರಾಣ ಬಂತು. ಅದನ್ನು ಎದೆಕವಚಕ್ಕೇ ಬಿಗಿದಿರುತ್ತಾರೆ. ಮುಂದಕ್ಕೆ ಬಾಗಿದರೆ ಮಾತ್ರ ದಾರಿ ಕಾಣುತ್ತದೆ, ತಾಗುವ ಗಳಿಗೆಗೆ ಸವಾರ ನೆಟ್ಟಗಾದರೆ ಕಣ್ಣಿನ ಸೀಳು ಮೇಲಾಗಿ ಸಿಬಿರು ಒಳಹೋಗುವುದಿಲ್ಲ. ಅಂದರೆ ಏಟಿನ ಹೊತ್ತಿಗೆ ಅವನು ಕುರುಡ.

1466ರಲ್ಲಿ ವೂಸ್ಟರಿನ ಅರ್ಲ್ ಜಾನ್ ಟಿಪ್‌ಟಾಫ್ಟ್ ಇಂಗ್ಲೆಂಡಿನ ದೊರೆಗಾಗಿ ನಿಯಮಗಳನ್ನು ಬರೆದುಕೊಟ್ಟ. ಬಹುಮಾನ ಭರ್ಜಿಯನ್ನು ಸರಿಯಾದ ಜಾಗದಲ್ಲಿ ಹೆಚ್ಚು ಮುರಿದವನಿಗೆ. ಎದುರಾಳಿಯ ಕುದುರೆಗೆ ಹೊಡೆದವನಿಗೆ ಬಹುಮಾನವಿಲ್ಲ. ಬೆನ್ನು ತಿರುಗಿಸಿದವನಿಗೆ ಹೊಡೆದವನಿಗೂ ಇಲ್ಲ. ಬೇಲಿಗೆ ಮೂರು ಸಲ ಹೊಡೆದವನಿಗೂ ಇಲ್ಲ. ಟ್ಯೂಡರ್ ಕಾಲಕ್ಕೆ ಅಂಕದ ಚೀಟಿಗಳೇ ಇದ್ದವು, ಗೀಟು ಎಳೆದು ಎಷ್ಟು ತಾಗಿತು, ಎಷ್ಟು ಮುರಿಯಿತು ಎಂದು ಗುರುತು ಹಾಕುತ್ತಿದ್ದರು. ಮುರಿಯಲೆಂದೇ ಒಳಗೆ ಪೊಳ್ಳು ಮಾಡಿದ ಭರ್ಜಿಗಳೂ ಇದ್ದವು. ಎಂಟನೇ ಹೆನ್ರಿಯ ಗೆಳೆಯ ಚಾರ್ಲ್ಸ್ ಬ್ರ್ಯಾಂಡನ್‌ನದೆಂದು ಹೇಳುವ ಬೃಹದಾಕಾರದ ಪೊಳ್ಳು ಭರ್ಜಿಯೊಂದು ಇಂಗ್ಲೆಂಡಿನ ಆಯುಧ ಸಂಗ್ರಹದಲ್ಲಿ ಇಂದಿಗೂ ಉಳಿದಿದೆ. ಹೀಗಿರುವಾಗ ‘ಏಟು ಬಿದ್ದರಷ್ಟೇ ಅಸಲಿ’ ಎನ್ನುವವರು ಮಧ್ಯಯುಗಕ್ಕಿಂತ ಹೆಚ್ಚು ಮಧ್ಯಯುಗದವರಾಗಲು ಹೊರಟಿದ್ದಾರೆ ಎಂದು ನನ್ನ ಲೆಕ್ಕ. ಅಂದಿನ ಸಿರಿವಂತರು ಏಟು ತಾಗದಿರಲೆಂದೇ ಅಳತೆ ಕೊಟ್ಟು ಉಕ್ಕಿನ ಕವಚ ಮಾಡಿಸಿಕೊಂಡರು. ಇವರು ಏಟು ತಾಗಲಿ ಎಂದು ಟಿ.ವಿ.ಗೆ ಬಂದರು.

ಇಷ್ಟೆಲ್ಲ ಮಾಡಿದರೂ ಅಪಾಯ ಹೋಯಿತೇ? ಇಲ್ಲ. 1524ರಲ್ಲಿ ಎಂಟನೇ ಹೆನ್ರಿ ಮುಖದ ಕವಚ ಇಳಿಸುವುದನ್ನೇ ಮರೆತು ಕುದುರೆ ಬಿಟ್ಟ; ಎದುರಿಗೆ ಅದೇ ಬ್ರ್ಯಾಂಡನ್. ಜನ ನಿಲ್ಲಿ ನಿಲ್ಲಿ ಎಂದು ಕೂಗಿಕೊಂಡರು, ಇಬ್ಬರಿಗೂ ಕೇಳಿಸಲಿಲ್ಲ. ಭರ್ಜಿ ಹಣೆಯ ಪಕ್ಕಕ್ಕೆ ತಾಗಿ ಶಿರಸ್ತ್ರಾಣದ ತುಂಬ ಸಿಬಿರು. ದೊರೆ ಕೂದಲೆಳೆಯಲ್ಲಿ ಪಾರಾದ, ತನಗೇನೂ ಆಗಿಲ್ಲವೆಂದು ತೋರಿಸಲು ಮತ್ತೆ ಆರು ಸಲ ಓಡಿದ. ಫ್ರಾನ್ಸಿನ ದೊರೆ ಎರಡನೇ ಹೆನ್ರಿಗೆ ಆ ಅದೃಷ್ಟ ಇರಲಿಲ್ಲ. 1559ರ ಜೂನ್ 30, ಪ್ಯಾರಿಸ್. ಸ್ಪೇನಿನೊಡನೆ ಶಾಂತಿ ಒಪ್ಪಂದ, ಮಗಳ ಮದುವೆ, ತಂಗಿಯ ಮದುವೆ, ಎಲ್ಲ ಒಟ್ಟಿಗೆ ಸೇರಿ ಹಬ್ಬ. ಸಾಕು ಎಂದರೂ ಕೇಳದೆ ದೊರೆ ಇನ್ನೊಂದು ಓಟಕ್ಕೆ ನಿಂತ. ಎದುರಾಳಿ ತನ್ನದೇ ಕಾವಲುಪಡೆಯ ನಾಯಕ ಮಾಂಟ್‌ಗಮರಿ. ಮುರಿದ ಭರ್ಜಿಯ ಸಿಬಿರು ಮುಖಗವಚದೊಳಗೆ ನುಗ್ಗಿ ಕಣ್ಣಿನ ಬಳಿ ಹೊಕ್ಕಿತು. ಯೂರೋಪಿನ ದೊಡ್ಡ ವೈದ್ಯರೆಲ್ಲ ಬಂದರು, ವೆಸೇಲಿಯಸ್ ಕೂಡ. ಹತ್ತು ದಿನ ನರಳಿ ಜುಲೈ 10ರಂದು ದೊರೆ ತೀರಿಕೊಂಡ. ವಿಧವೆ ಕ್ಯಾಥರೀನ್ ಆ ಅರಮನೆಯನ್ನೇ ಕೆಡವಿಸಿದಳು.

ಬೆಂಡಿನ ಭರ್ಜಿಯನ್ನು ಆಡಿಕೊಳ್ಳುವವರು ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಕೇಳಬೇಕು. 2007ರಲ್ಲಿ ಇಂಗ್ಲೆಂಡಿನ ರಾಕಿಂಗ್‌ಹ್ಯಾಮ್ ಕೋಟೆಯಲ್ಲಿ ಟಿ.ವಿ. ಕಾರ್ಯಕ್ರಮಕ್ಕೆಂದು ಜೌಸ್ಟಿಂಗ್ ಚಿತ್ರೀಕರಣ ನಡೆಯುತ್ತಿತ್ತು. ಬಾಲ್ಸಾ ತುದಿಯ ಭರ್ಜಿ, ಹವ್ಯಾಸಿ ಆಟಗಾರರು. ಮುರಿದ ಬಾಲ್ಸಾದ ಒಂದು ಚೂರು ಶಿರಸ್ತ್ರಾಣದ ಸೀಳಿನಿಂದ ಒಳಹೋಗಿ ಆಟಗಾರನೊಬ್ಬನ ಕಣ್ಣಿಗೆ ಹೊಕ್ಕಿತು. ಒಂದು ವಾರದ ಮೇಲೆ ಆತ ಆಸ್ಪತ್ರೆಯಲ್ಲಿ ತೀರಿಕೊಂಡ. ಸುಮಾರು ನಾನ್ನೂರೈವತ್ತು ವರ್ಷದ ಅಂತರದಲ್ಲಿ ದೊರೆಗೂ ಹವ್ಯಾಸಿಗೂ ಒಂದೇ ಸಾವು. ಹಗುರ ಮರವೆಂದು ನಗುವ ಮೊದಲು ಸ್ವಲ್ಪ ತಡೆಯಬೇಕು.

ಹಾಗಾದರೆ ಪೂರ್ತಿ ನಾಟಕ ಈಗಿನವರ ಸೃಷ್ಟಿಯೇ? ಅದೂ ಇಲ್ಲ. ಮ್ಯಾಕ್ಸಿಮಿಲಿಯನ್ ಚಕ್ರವರ್ತಿಗೆ (1459–1519) ಜೌಸ್ಟಿಂಗ್ ಹುಚ್ಚು. ಅವನ ಕಾಲದಲ್ಲಿ ಒಂದು ಬಗೆಯ ಆಟಕ್ಕೆ ಎದೆಕವಚದೊಳಗೆ ಸ್ಪ್ರಿಂಗು ಕೂರಿಸುತ್ತಿದ್ದರು. ಭರ್ಜಿ ಸರಿಯಾದ ಜಾಗಕ್ಕೆ ತಾಗಿದರೆ ಸ್ಪ್ರಿಂಗು ಕಳಚಿ ಗುರಾಣಿ ಹೋಳು ಹೋಳಾಗಿ ಆಕಾಶಕ್ಕೆ ಹಾರಬೇಕು, ಜನ ಹೋ ಎನ್ನಬೇಕು! ಆ ಯಂತ್ರದ ಕವಚ ವಿಯೆನ್ನಾದಲ್ಲಿದೆ. ತನ್ನ ಈ ಪರಾಕ್ರಮಗಳನ್ನೆಲ್ಲ ‘ಫ್ರೈಡಾಲ್’ ಎಂಬ ಚಿತ್ರಸಂಪುಟದಲ್ಲಿ ಬರೆಸಿದ್ದಾನೆ, 255 ಚಿತ್ರಗಳು. ಅದರಲ್ಲಿ ಹಾರುವ ಗುರಾಣಿಗಳೂ ಇವೆ, ಮುಖವಾಡದ ಕುಣಿತಗಳೂ ಇವೆ. ಇಂಗ್ಲೆಂಡಿನಲ್ಲಿ 1343ರಲ್ಲಿ, ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ, ಸವಾಲು ಹಾಕಿದವರ ತಂಡ ಪೋಪ್ ಮತ್ತು ಹನ್ನೆರಡು ಕಾರ್ಡಿನಲ್‌ಗಳ ವೇಷದಲ್ಲಿ ಬಂತು. ನೈಟ್‌ಗಳು ಆರ್ಥರ್ ದೊರೆಯ ಕಥೆಯ ಪಾತ್ರಗಳಾಗಿ, ಆರ್ಥರನ ದುಂಡುಮೇಜನ್ನು ಮತ್ತೆ ಹೂಡಿ ಆಡುವುದಂತೂ ಫ್ಯಾಷನ್ನೇ ಆಗಿತ್ತು. ಅಂದರೆ ಅಸಲಿ ನೈಟ್‌ಗಳೇ ಹಳೆಯ ಕಾಲದ ನೈಟ್‌ಗಳ ನಕಲು ಮಾಡುತ್ತಿದ್ದರು. ನಾವು ಈಗ ಆ ನಕಲಿನ ಅಸಲಿತನಕ್ಕೆ ಹೊಡೆದಾಡುತ್ತಿದ್ದೇವೆ.

ಈ ಗೋಜಲನ್ನು ನಮಗಿಂತ ಮೊದಲೇ ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಕಂಡಿದ್ದ. ‘ಡಾನ್ ಕ್ವಿಕ್ಸೋಟ್’ ಮೊದಲ ಭಾಗ ಬಂದದ್ದು 1605ರಲ್ಲಿ. ಎರಡನೆಯದನ್ನು ಬರೆಯುತ್ತಿರುವಾಗಲೇ, 1614ರಲ್ಲಿ, ಆವೆಯಾನೇದಾ ಎಂಬ ಕಳ್ಳಹೆಸರಿನವನೊಬ್ಬ ತಾನೇ ಎರಡನೇ ಭಾಗ ಬರೆದು ಅಚ್ಚು ಹಾಕಿಸಿಬಿಟ್ಟ. ಸರ್ವಾಂಟಿಸ್ ಕೋರ್ಟಿಗೆ ಹೋಗಲಿಲ್ಲ. ನೈಟ್‌ಗಳ ಕಥೆ ಓದಿ ಓದಿ ತಾನೂ ನೈಟ್ ಎಂದುಕೊಂಡ ತನ್ನ ಡಾನ್ ಕ್ವಿಕ್ಸೋಟ್ ಸರಗೋಸಾದ ಜೌಸ್ಟಿಂಗಿಗೆ ಹೊರಟಿದ್ದನಲ್ಲ, ಆ ನಕಲಿ ಪುಸ್ತಕದವನೂ ಅಲ್ಲಿಗೇ ಹೋಗಿದ್ದಾನೆಂದು ತಿಳಿದ ಕೂಡಲೇ, ಹಾಗಾದರೆ ನಾನು ಆ ಊರಿಗೆ ಕಾಲಿಡುವುದಿಲ್ಲ ಎಂದು ಬಾರ್ಸಿಲೋನಾ ಹಾದಿ ಹಿಡಿಯುತ್ತಾನೆ! ಅಲ್ಲಿ ಕಡಲ ದಂಡೆಯಲ್ಲಿ ‘ಬಿಳಿ ಚಂದ್ರನ ನೈಟ್’ ಒಬ್ಬ ಭರ್ಜಿ ಹಿಡಿದು ಬಂದು ಇವನನ್ನು ಕುದುರೆಯಿಂದ ಕೆಡವುತ್ತಾನೆ. ಆ ನೈಟ್ ಯಾರೆಂದರೆ ಊರಿನ ಒಬ್ಬ ಓದಿದ ಹುಡುಗ, ವೇಷ ಹಾಕಿ ಬಂದವನು. ನಕಲಿ ನೈಟ್ ನಕಲಿ ನೈಟನ್ನು ಸೋಲಿಸುತ್ತಾನೆ. ಬಿದ್ದ ಏಟು ಮಾತ್ರ ಅಸಲಿ. ಲೀಡ್ಸಿನ ಅಳಿಯನಿಗೆ ಆ ಪುಸ್ತಕ ಕಳಿಸಬೇಕು ಎಂದುಕೊಂಡಿದ್ದೇನೆ.

ಹತ್ತೊಂಬತ್ತನೇ ಶತಮಾನದಲ್ಲಿ ಆಟ ಮತ್ತೆ ಎದ್ದದ್ದು ಸ್ಕಾಟ್ಲೆಂಡಿನ ಮಳೆಯಲ್ಲಿ. ಸರ್ ವಾಲ್ಟರ್ ಸ್ಕಾಟನ ನೈಟ್‌ಗಳ ಕಾದಂಬರಿ ‘ಐವನ್‌ಹೋ’ ಓದಿ ಎಲ್ಲರ ತಲೆಯೂ ಕೆಟ್ಟಿದ್ದ ಕಾಲ. 1838ರ ವಿಕ್ಟೋರಿಯಾ ಪಟ್ಟಾಭಿಷೇಕದಲ್ಲಿ ಖರ್ಚು ಉಳಿಸಲೆಂದು ಹಳೆಯ ವೈಭವಗಳನ್ನು ಕೈಬಿಟ್ಟರು. ಕವಚ ತೊಟ್ಟ ‘ಚಾಂಪಿಯನ್’ ಒಬ್ಬ ಕುದುರೆಯ ಮೇಲೆ ವೆಸ್ಟ್‌ಮಿನ್‌ಸ್ಟರ್ ಸಭಾಂಗಣಕ್ಕೆ ಬಂದು ಸವಾಲೆಸೆಯುವ ಪದ್ಧತಿಯೂ ಹೋಯಿತು. (ಅದು ಕೊನೆಯ ಸಲ ನಡೆದದ್ದು 1821ರಲ್ಲಿ. ಆ ಚಾಂಪಿಯನ್‌ನ ಕುದುರೆಯನ್ನು ತಂದದ್ದು ಆಸ್ಟ್ಲಿಯ ಸರ್ಕಸ್ಸಿನಿಂದ. ಗದ್ದಲಕ್ಕೆ ಬೆದರದ ಕುದುರೆ ಬೇರೆಲ್ಲಿ ಸಿಗಬೇಕು?) ಇದರಿಂದ ನೊಂದುಕೊಂಡವರಲ್ಲಿ ಎಗ್ಲಿಂಟನ್ನಿನ ತರುಣ ಅರ್ಲ್ ಒಬ್ಬ. 1839ರ ಆಗಸ್ಟ್‌ನಲ್ಲಿ ತನ್ನ ಕೋಟೆಯ ಬಯಲಲ್ಲೇ ಟೂರ್ನಮೆಂಟ್ ಇಟ್ಟ. ಮೊದಲು ಆಸೆಪಟ್ಟ ನೂರೈವತ್ತು ಮಂದಿ ಖರ್ಚು, ಕಷ್ಟ ಎರಡನ್ನೂ ಕಂಡು ಕರಗಿ ಕೊನೆಗೆ ಹದಿಮೂರು ಹದಿನಾಲ್ಕಕ್ಕೆ ಇಳಿದರು. ನೋಡಲು ಬಂದವರು ಸುಮಾರು ಒಂದು ಲಕ್ಷ. ಮೆರವಣಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಮಳೆ. ಎಂಥ ಮಳೆ! ಟೂರ್ನಮೆಂಟಿನ ‘ದೊರೆ’ಯಾಗಿದ್ದ ಲಾರ್ಡ್ ಲಂಡನ್‌ಡೆರ್ರಿ ಮಧ್ಯಯುಗದ ಉಡುಪಿನ ಮೇಲೆ ದೊಡ್ಡ ಛತ್ರಿ ಬಿಚ್ಚಿದ. ವ್ಯಂಗ್ಯಚಿತ್ರಕಾರರಿಗೆ ಅಷ್ಟೇ ಬೇಕಾಗಿತ್ತು. ಅರ್ಲ್‌ಗೆ ತಗುಲಿದ ಖರ್ಚು ನಲವತ್ತು ಸಾವಿರ ಪೌಂಡು ಎನ್ನುತ್ತಾರೆ. ಮಳೆ ನಿಂತ ಮೇಲೆ ಇನ್ನೊಂದು ದಿನ ಆಡಿದರು, ಚೆನ್ನಾಗಿಯೇ ಆಡಿದರು, ಆದರೆ ಜಗತ್ತಿಗೆ ನೆನಪಿರುವುದು ಛತ್ರಿ.

ಇನ್ನು ಮ್ಯೂಸಿಯಂ ಪಂಡಿತರು. ನನ್ನ ಮನಸ್ಸು ಸ್ವಲ್ಪ ಇವರ ಕಡೆ ವಾಲುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಲಂಡನ್ನಿನ ವಾಲೇಸ್ ಕಲೆಕ್ಷನ್‌ನಲ್ಲಿ ಆಯುಧ, ಕವಚಗಳ ಕ್ಯುರೇಟರ್ ಆಗಿದ್ದ ಟೋಬಿಯಾಸ್ ಕ್ಯಾಪ್‌ವೆಲ್ ಅಂಥವನು. ಹದಿನೈದನೇ ಶತಮಾನದ ಇಂಗ್ಲಿಷ್ ಕವಚಗಳ ಮೇಲೆ ದಪ್ಪ ಪುಸ್ತಕ ಬರೆದವನು, ಅಂಥ ಕವಚವನ್ನೇ ಮಾಡಿಸಿ ತೊಟ್ಟು ಪಂದ್ಯ ಆಡಿದವನು. 2015ರಲ್ಲಿ ಮೂರನೇ ರಿಚರ್ಡ್ ದೊರೆಯ ಅಸ್ಥಿಯನ್ನು ಲೆಸ್ಟರಿನಲ್ಲಿ ಮತ್ತೆ ಮಣ್ಣು ಮಾಡುವಾಗ ಶವಪೆಟ್ಟಿಗೆಯ ಜೊತೆ ಕುದುರೆಯ ಮೇಲೆ ಸಾಗಿದ ಇಬ್ಬರು ಕವಚಧಾರಿಗಳಲ್ಲಿ ಒಬ್ಬ ಇವನೇ. ಇಂಥವರ ತಕರಾರು ಭರ್ಜಿಯ ತುದಿಯ ಮೇಲೆ ನಿಲ್ಲುವುದಿಲ್ಲ, ಸಣ್ಣ ಸಣ್ಣ ವಿಷಯಕ್ಕೆ ಇಳಿಯುತ್ತದೆ. ಎದೆಕವಚದ ಬಲಗಡೆ ಒಂದು ಕಬ್ಬಿಣದ ಚಾಚು ಇರಬೇಕು, ಅದಕ್ಕೆ ಅರೆಟ್ ಎನ್ನುತ್ತಾರೆ. ಭರ್ಜಿ ಅದಕ್ಕೆ ಕಚ್ಚಿ ಕೂತರೆ ಏಟಿನ ಭಾರ ಕೈಮಣಿಕಟ್ಟಿನ ಮೇಲೆ ಬೀಳದೆ ಸವಾರನ ಮೈ, ಜೀನು, ಕುದುರೆ ಎಲ್ಲಕ್ಕೂ ಹಂಚಿಹೋಗುತ್ತದೆ. ಕುದುರೆಯ ಓಟದ ಬಲವೂ ಮೊನೆಗೆ ಸಿಗುತ್ತದೆ. ಹದಿನಾಲ್ಕನೇ ಶತಮಾನದ ಕೊನೆಯಿಂದ ಇದು ಇದೆ. ಈಗಿನ ಎಷ್ಟೋ ಪಂದ್ಯಗಳಲ್ಲಿ ಇದೇ ಇಲ್ಲ. ಗಟ್ಟಿ ಭರ್ಜಿ ಹಿಡಿದು, ಅರೆಟ್ ಇಲ್ಲದೆ, ತೋಳಿನ ಬಲದ ಮೇಲೆ ಗುದ್ದುವುದು ಈ ಕವಚಗಳ ಕಾಲದ ಪದ್ಧತಿ ಅಲ್ಲ.

ಅದಕ್ಕಿಂತ ದೊಡ್ಡ ಮಾತು ಕುದುರೆಯದು. ನೈಟ್ ಎಂದರೆ ಆನೆಯಂಥ ಕುದುರೆ ಎಂದು ಸಿನಿಮಾ ನಮಗೆ ಕಲಿಸಿದೆ. ಅಮೆರಿಕದ ಭಾರೀ ಜೌಸ್ಟಿಂಗಿನವರು ಪರ್ಶೆರಾನ್‌ನಂಥ, ಬಂಡಿ ಎಳೆಯುವ ದೈತ್ಯ ತಳಿಗಳನ್ನೇ ತಂದರು. 2021ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕ್ರಿ.ಶ. 300ರಿಂದ 1650ರವರೆಗಿನ ಸುಮಾರು ಎರಡು ಸಾವಿರ ಕುದುರೆ ಎಲುಬುಗಳನ್ನು ಅಳೆದು ನೋಡಿದರು. ಬಹುಪಾಲು ಕುದುರೆಗಳ ಎತ್ತರ ಭುಜದ ಹತ್ತಿರ ನಾಲ್ಕಡಿ ಹತ್ತಿಂಚಿಗೂ ಕಡಿಮೆ. ಇವತ್ತಿನ ಲೆಕ್ಕದಲ್ಲಿ ಅವು ಕುದುರೆಯೇ ಅಲ್ಲ, ಪೋನಿ, ಅಂದರೆ ತಟ್ಟು. ವೀರಾಧಿವೀರರೆಲ್ಲ ಹೆಚ್ಚಾಗಿ ತಟ್ಟುವಿನ ಮೇಲೆ! ಈ ಸುದ್ದಿ ಬಂದಾಗ ಕುದುರೆ ಸಾಕುವವರ ಮುಖ ನೋಡಬೇಕಿತ್ತು.

ನೆದರ್ಲೆಂಡ್ಸಿನ ಸವಾರ ಆರ್ನೆ ಕೂಟ್ಸ್ ಮತ್ತು ಅವನ ಗೆಳೆಯರು ಹಿಡಿದಿರುವ ಎಳೆಯೂ ಕುದುರೆಯದೇ. ಕುದುರೆ ನುಗ್ಗುವ ವೇಗ ಮುಖ್ಯವಲ್ಲ. ಹಿಂಗಾಲಿನ ಮೇಲೆ ಭಾರ ಹಾಕಿ, ಮೈ ಕೂಡಿಸಿಕೊಂಡು, ಚಿಕ್ಕ ಜಿಗಿತಗಳಲ್ಲಿ ಹದವಾಗಿ ಓಡುವ ಕುದುರೆ ಬೇಕು, ಆಗಲೇ ಭರ್ಜಿಯ ಮೊನೆ ಅಲುಗದೆ ನಿಲ್ಲುತ್ತದೆ ಎಂದು ಇವರ ಮತ. 2014ರಲ್ಲಿ ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್ ಮ್ಯೂಸಿಯಂ ಇಂಥ ಸವಾರರನ್ನು ಕರೆಸಿ ಪ್ರದರ್ಶನದ ಜೊತೆಗೇ ಟೂರ್ನಮೆಂಟ್ ನಡೆಸಿತು. ಅಲ್ಲಿ ಗಟ್ಟಿ ಭರ್ಜಿಯೂ ಇತ್ತು, ಕಿರೀಟದ ಮೊನೆಯೂ ಇತ್ತು, ಅರೆಟ್ಟೂ ಇತ್ತು. ಅಂಥ ಓಟದ ವಿಡಿಯೋ ನೋಡಿದರೆ ಮೊದಲು ನಿರಾಸೆಯಾಗುತ್ತದೆ, ಇಷ್ಟು ನಿಧಾನವೇ ಎಂದು. ಎರಡನೇ ಸಲ ನೋಡಿದಾಗ ಸವಾರನ ಸೊಂಟದ ಮೇಲೆ ಕಣ್ಣು ಹೋಗುತ್ತದೆ. ಮೇಲಿನ ಅರ್ಧ ಕಲ್ಲಿನಂತೆ ಸ್ಥಿರ, ಕೆಳಗಿನ ಅರ್ಧ ಕುದುರೆಯದೇ. ಬೆಂಡನ್ನು ಮರವೆಂದು ತೋರಿಸಬಹುದು, ಸೋತವನನ್ನು ಗೆದ್ದವನೆಂದು ಸಾರಬಹುದು, ಈ ಸವಾರಿಯನ್ನು ಮಾತ್ರ ನಟಿಸಲು ಬರುವುದಿಲ್ಲ. ನನ್ನ ತೀರ್ಪು ಕೇಳಿದರೆ, ಅಸಲಿ ನಕಲಿ ನೋಡಬೇಕಾದ ಜಾಗ ಅದೊಂದೇ.

2016ರಲ್ಲಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಜೌಸ್ಟಿಂಗನ್ನು ಒಲಿಂಪಿಕ್ಸಿಗೆ ಸೇರಿಸಬೇಕೆಂದು ಬೇಡಿಕೆ ಇಟ್ಟಿತ್ತು. ಸೇರಲಿಲ್ಲ, ಒಳ್ಳೆಯದೇ ಆಯಿತು. ಒಂದು ಸಲ ಒಲಿಂಪಿಕ್ಸಿಗೆ ಹೋದರೆ ಭರ್ಜಿ ಕಾರ್ಬನ್ ಫೈಬರಿನದ್ದಾಗಿ, ಕವಚದಲ್ಲಿ ಸೆನ್ಸರ್ ಕೂತು, ಅಂಕ ಎಲ್ಲ ದೀಪದಲ್ಲಿ ಬರುತ್ತಿತ್ತು. ಎದುರಾಳಿಯೇ ಬೇಡವೆಂದು ಬರೀ ಗುರಿಗೆ ಭರ್ಜಿ ಹಿಡಿಯುವವರೂ ಇದ್ದಾರೆ, ಅವರ ಪಾಡಿಗೆ ಸುಖವಾಗಿ. ಅಮೆರಿಕದ ಮೇರಿಲ್ಯಾಂಡ್ 1962ರಲ್ಲೇ ಜೌಸ್ಟಿಂಗನ್ನು ರಾಜ್ಯಕ್ರೀಡೆ ಮಾಡಿಕೊಂಡಿದೆ. ಅಲ್ಲಿ ತೂಗುಬಿಟ್ಟ ಪುಟ್ಟ ಉಂಗುರಗಳನ್ನು ಭರ್ಜಿಯಲ್ಲಿ ಪೋಣಿಸಿಕೊಂಡು ಹೋಗಬೇಕು. ಕ್ರೊಯೇಷಿಯಾದ ಸಿನ್ ಊರಿನಲ್ಲಿ 1715ರ ಗೆಲುವಿನ ನೆನಪಿಗೆ ನಡೆಯುವ ಆಲ್ಕಾ ಕೂಡ ಉಂಗುರದ ಆಟವೇ. ಇಟಲಿಯ ಅರೆಝೋದಲ್ಲಿ 1931ರಲ್ಲಿ ಮತ್ತೆ ಶುರುವಾದ ಹಬ್ಬದಲ್ಲಿ ಸವಾರರು ಒಂದು ಬೊಂಬೆಗೆ ಗುದ್ದುತ್ತಾರೆ. ಆ ಬೊಂಬೆಯ ಬಿರುದು ‘ಇಂಡೀಸ್ ದೇಶಗಳ ದೊರೆ’! ನಮ್ಮ ಪರವಾಗಿ ಪಾಪ ಅವನು ವರ್ಷಾವರ್ಷ ಗುದ್ದಿಸಿಕೊಳ್ಳುತ್ತಿದ್ದಾನೆ.

ನಮ್ಮಲ್ಲಿ ಜೌಸ್ಟಿಂಗ್ ಇರಲಿಲ್ಲ. ಭರ್ಜಿ ಇತ್ತು, ಅದೂ ಇತ್ತೀಚಿನವರೆಗೆ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರಿನ ಮೇಲೆ ಜೋಧಪುರ ಲ್ಯಾನ್ಸರ್ಸ್ ಜೊತೆ ನುಗ್ಗಿದ್ದು ನಮ್ಮ ಮೈಸೂರು ಲ್ಯಾನ್ಸರ್ಸ್. ಎದುರಿಗೆ ಮೆಷಿನ್‌ಗನ್ನು, ಇವರ ಕೈಯಲ್ಲಿ ಭರ್ಜಿ. ಬೇಲಿಯಿಲ್ಲ, ಅಂಕವಿಲ್ಲ, ಮೊಂಡು ಮೊನೆಯಿಲ್ಲ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳು ಜೋಧಪುರ, ಹೈದರಾಬಾದು, ಮೈಸೂರುಗಳ ಸವಾರರವು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಪಕ್ಕದಲ್ಲೇ ದಿನಾ ಬಸ್ಸು ಹಿಡಿಯುವವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದಾರೋ. ಆ ಭರ್ಜಿಯ ಕೈಚಳಕ ಆಟವಾಗಿ ಉಳಿದದ್ದು ಟೆಂಟ್ ಪೆಗ್ಗಿಂಗ್‌ನಲ್ಲಿ. ನೆಲಕ್ಕೆ ಹೊಡೆದ ಸಣ್ಣ ಗೂಟವನ್ನು ನಾಗಾಲೋಟದ ಕುದುರೆಯ ಮೇಲಿಂದ ಭರ್ಜಿಯಲ್ಲಿ ಕಿತ್ತೊಯ್ಯಬೇಕು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇದೂ ಇತ್ತು.

ಮೈಸೂರು ದಸರೆಯ ಪಂಜಿನ ಕವಾಯತಿನಲ್ಲಿ ಪೊಲೀಸ್ ಅಶ್ವದಳದವರು ಇದನ್ನು ಮಾಡಿ ತೋರಿಸುತ್ತಾರೆ. ಮುಂದಿನ ವಿಜಯದಶಮಿಯ ರಾತ್ರಿ ಬನ್ನಿಮಂಟಪದಲ್ಲಿ ಜಾಗ ಸಿಕ್ಕರೆ, ಬಾಣಬಿರುಸು ಶುರುವಾಗಲಿ ಎಂದು ಮೊಬೈಲು ನೋಡುತ್ತ ಕೂರಬೇಡಿ. ಕುದುರೆಗಳು ಬಂದಾಗ ಗೂಟ ಬಂತೋ ಇಲ್ಲವೋ ಎಂದು ಭರ್ಜಿಯ ತುದಿ ನೋಡುವುದನ್ನು ಪಕ್ಕದವರಿಗೆ ಬಿಟ್ಟು, ನೀವು ಸವಾರನ ಸೊಂಟ ನೋಡಿ.